ಮಾದರಿ ಪುಟವನ್ನು ತರಗತಿಗೆ ಒಯ್ಯುವ ಮುನ್ನ

ಪ್ರೀತಿಯ ತಂಗಿಗೆ,

ಎಂಟನೇ ತರಗತಿಯ ಮಕ್ಕಳಿಂದ ಅವರವರ ಅನುಭವ ಬರೆಸಬೇಕು, ಒಳ್ಳೆಯ ಲೇಖಕರ ಪುಟಗಳನ್ನು ಮುಂದಿಟ್ಟು ಬರೆಸುತ್ತೇನೆ ಎಂದಿದ್ದೀಯ. ನೀನೂ ಬರೆಯುವವಳಾದ್ದರಿಂದ ಈ ಕೆಲಸ ನಿನಗೆ ಒಗ್ಗುತ್ತದೆ. ಒಂದನ್ನು ಮಾತ್ರ ಬಿಡಬೇಡ: ಮಕ್ಕಳು ಕಲಿಯಬೇಕಾದ್ದು ಆ ಪುಟ ಕಟ್ಟಿದ ಬಗೆ. ಅದರ ಮಾತುಗಳನ್ನು ಎತ್ತಿಕೊಂಡರೆ ಬರೀ ನಕಲಾಗುತ್ತದೆ.

ಇಡೀ ಪ್ರಬಂಧ ಒಯ್ಯಬೇಡ. 150ರಿಂದ 200 ಪದ ಸಾಕು, ಒಂದೇ ದೃಶ್ಯವಿರಲಿ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಇಬ್ಬರು ಹೆಗಲ ಮೇಲೆ ನೊಗ ಹೊತ್ತು ಎಳೆಯುತ್ತಾರೆ, ಮೂರನೆಯವನು ಹಿಂದಿನಿಂದ ಉಳುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ಅಪ್ಪ. ಇದನ್ನು ಮೊದಲ ಸಲ ನೀನೇ ಗಟ್ಟಿಯಾಗಿ ಓದು, ಏನೂ ಕೇಳಬೇಡ. ಎರಡನೇ ಓದಿಗೆ ಪೆನ್ಸಿಲ್ ಹಿಡಿಸು. ಕಣ್ಣಿಗೆ ಕಂಡದ್ದಕ್ಕೆ ಅಡಿಗೆರೆ, ಮನಸ್ಸಿಗೆ ಅನಿಸಿದ್ದಕ್ಕೆ ಸುತ್ತು. ಆಮೇಲೆ ಕೇಳು: ಅಡಿಗೆರೆ ಹೆಚ್ಚೋ, ಸುತ್ತು ಹೆಚ್ಚೋ? ಅದು ಅಪ್ಪ ಎಂದು ನಮಗೆ ತಿಳಿದದ್ದು ಯಾವ ವಾಕ್ಯದಲ್ಲಿ? ಲೇಖಕರು ಏನನ್ನು ಹೇಳದೆ ಬಿಟ್ಟರು?

ಈ ಉತ್ತರಗಳಿಂದಲೇ ಹಲಗೆಯ ಮೇಲೆ ನಾಲ್ಕು ಸಾಲು ಹಾಕು: ಎಲ್ಲಿ ನಿಂತಿದ್ದೆ, ದೂರದಿಂದ ಏನು ಕಂಡಿತು, ಹತ್ತಿರದಿಂದ ಏನು ಗೊತ್ತಾಯಿತು, ಎಲ್ಲಿ ನಿಲ್ಲಿಸಿದೆ. ಇಷ್ಟಾದ ಮೇಲೆ ಜೆರಾಕ್ಸ್ ಹಾಳೆಗಳನ್ನು ವಾಪಸ್ ತೆಗೆದುಕೊಂಡುಬಿಡು. ಕಣ್ಣೆದುರು ಇದ್ದರೆ ಅರ್ಧ ತರಗತಿಯ ಪುಸ್ತಕದಲ್ಲಿ ಅದೇ ನೊಗ, ಅದೇ ನೇಗಿಲು ಬರುತ್ತದೆ. ಬರೆಯಲು 15 ನಿಮಿಷ ಕೊಡು. ನೀನೂ ಅಷ್ಟೂ ಹೊತ್ತು ಹಲಗೆಯ ಮೇಲೆ ಬರಿ, ಹೊಡೆದುಹಾಕಿದ ಸಾಲುಗಳನ್ನು ಅಳಿಸಬೇಡ.

ದೊಡ್ಡ ತೊಡಕು ಪರೀಕ್ಷೆಯ ಪ್ರಬಂಧದಿಂದ ಬರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಬರೆದು ಬರೆದು ಮಕ್ಕಳ ಕೈ ಕೂತುಬಿಟ್ಟಿರುತ್ತದೆ. ‘ನಮ್ಮ ತಂದೆಯವರು ಬಹಳ ಕಷ್ಟಪಟ್ಟು ನಮ್ಮನ್ನು ಸಾಕುತ್ತಿದ್ದಾರೆ’ ಎಂದೇ ಶುರು. ಇದನ್ನು ತಪ್ಪು ಎನ್ನಬೇಡ. ‘ನಿನ್ನೆ ಸಂಜೆ ಅಪ್ಪ ಮನೆಗೆ ಬಂದಾಗ ಕೈಯಲ್ಲಿ ಏನಿತ್ತು?’ ಎಂದು ಕೇಳು. ‘ಟಿಫಿನ್ ಡಬ್ಬಿ. ಅನ್ನ ಹಾಗೇ ಇತ್ತು. ಅವ್ವ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು’ ಎಂಬಂಥದ್ದು ಬಂದರೆ ಮೇಲಿನ ಸಾಲನ್ನು ಮಗುವೇ ಹೊಡೆದುಹಾಕುತ್ತದೆ.

ಒಂದೇ ಮಾದರಿಗೆ ಅಂಟಿಕೊಂಡರೆ ಅದೂ ಅಚ್ಚಾಗಿಬಿಡುತ್ತದೆ. ಮುಂದಿನ ವಾರ ಬೇರೆ ನಡೆಯ ಪುಟ ಒಯ್ಯಿ, ನಗಿಸುವಂಥದ್ದಾದರೂ ಸರಿ. ಆಡುಮಾತು ಇರುವ ಪುಟವಂತೂ ಬೇಕೇಬೇಕು. ದೇವನೂರ ಮಹಾದೇವರು ‘ಕುಸುಮಬಾಲೆ’ ಕಾದಂಬರಿಯನ್ನು ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದರು. ಅದರಿಂದ ಹತ್ತು ಸಾಲು ಕೇಳಿಸಿಕೊಂಡ ಮಗು, ತನ್ನ ಅಜ್ಜಿಯ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಹಾಕುವುದನ್ನು ಬಿಡುತ್ತದೆ. ಕಲಬುರಗಿಯ ಮಗು ಕಲಬುರಗಿಯದನ್ನೇ ಬರೆಯಲಿ.

ಮೊದಲ ಕರಡಿನಲ್ಲಿ ಕಾಗುಣಿತ, ಅಲ್ಪಪ್ರಾಣ-ಮಹಾಪ್ರಾಣ ತಿದ್ದಬೇಡ. ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ತನಗೆ ಗೊತ್ತಿರುವ ಸುಲಭ ಪದಗಳನ್ನೇ ಬರೆದು ಸುಮ್ಮನಾಗುತ್ತದೆ. ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆ, ಎರಡನೇ ಕರಡಿಗೆ ಅಷ್ಟು ಸಾಕು. ಅಕ್ಷರದ ತಪ್ಪಿಗೆ ಮೂರನೆಯ ಸಲ ನೋಡೋಣ.

ಇನ್ನೊಂದು ಮಾತು. ಸ್ವಂತದ್ದು ಬರೆ ಎಂದಾಗ ಮನೆಯ ಜಗಳ, ಕುಡಿತ, ಹೊಡೆತ ಎಲ್ಲ ಬರುತ್ತವೆ. ಬೇರೆ ಯಾರೂ ಓದಬಾರದ ಪುಟವನ್ನು ಮಡಚಿ ಕೊಡಬಹುದು ಎಂದು ಮೊದಲೇ ಹೇಳು. ಮಡಚಿದ್ದನ್ನು ನೀನೊಬ್ಬಳೇ ಓದುತ್ತೀಯ, ಮಗು ಅಪಾಯದಲ್ಲಿದೆ ಅನಿಸಿದರೆ ಮಾತ್ರ ಹಿರಿಯರೊಬ್ಬರಿಗೆ ಹೇಳುತ್ತೀಯ ಎಂಬುದನ್ನೂ ಬಿಡಿಸಿ ಹೇಳು. ಹಾಗೆ ಬಂದ ಪುಟಕ್ಕೆ ಅಂಕ ಹಾಕಬೇಡ, ಮಗುವನ್ನು ಪಕ್ಕಕ್ಕೆ ಕರೆದು ಮಾತಾಡಿಸು.

ನಿನ್ನ ಹಿತೈಷಿ