ಕೆರೆಯ ಆರೋಗ್ಯ ತಿಳಿಗನ್ನಡದಲ್ಲಿ ತಿಳಿಯಲಿ

ಬೆಂಗಳೂರಿನ ಕೆರೆಗಳ ನೀರಿನ ಗುಣಮಟ್ಟವನ್ನು ‘ಡಿ’, ‘ಇ’ ಎಂಬ ದರ್ಜೆಗಳಲ್ಲಷ್ಟೇ ಹೇಳಿ ಮುಗಿಸುವ ವರದಿಗಳು ಕೆರೆಯ ದಡದಲ್ಲಿ ಬದುಕುವವರಿಗೆ ಏನನ್ನೂ ತಿಳಿಸುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ‘ಇ’ ಎಂದರೆ ನೀರಾವರಿ, ಕೈಗಾರಿಕೆಗಳಲ್ಲಿ ತಂಪುಗೊಳಿಸುವಿಕೆಯಂಥ ಬಳಕೆಗೆ ತಕ್ಕ ನೀರು; ‘ಡಿ’ ಎಂದರೆ ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ನೀರು. ಅದರಲ್ಲಿ ಪ್ರತಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಇಷ್ಟನ್ನು ಬಿಡಿಸಿ ಹೇಳಿದರೆ, ಒಳಚರಂಡಿಯ ಕೊಳೆನೀರು ಸೇರಿ ಆಮ್ಲಜನಕ ಕುಸಿದಾಗ ಮೀನುಗಳು ರಾಶಿ ರಾಶಿಯಾಗಿ ಸಾಯುವುದೇಕೆಂಬುದು ಬಲೆ ಬೀಸುವವರಿಗೂ ಸೊಪ್ಪು ಬೆಳೆಯುವವರಿಗೂ ಅರ್ಥವಾದೀತು. ನೊರೆ ಉಕ್ಕಿದಾಗ, ಅಥವಾ 2017ರಲ್ಲಿ ಬೆಳ್ಳಂದೂರಿನಲ್ಲಿ ಆದಂತೆ ಬೆಂಕಿ ಕಾಣಿಸಿಕೊಂಡಾಗ ಮಾತ್ರ ಕೆರೆ ಸುದ್ದಿಯಾಗುವುದು ನೋವಿನ ಸಂಗತಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಸರಳ ಕನ್ನಡದಲ್ಲಿ, ಹಿಂದಿನ ವರ್ಷದ ಅಂಕಿಗಳೊಂದಿಗೆ ಪ್ರತಿ ಕೆರೆಯ ಬಳಿ ಫಲಕದಲ್ಲಿ ಬರೆಯಿಸಬೇಕು. ಪತ್ರಿಕೆಗಳೂ ಅದನ್ನು ಮಳೆಯ ವರದಿಯಂತೆ ತಪ್ಪದೆ ಪ್ರಕಟಿಸಲಿ.

– ಕೆರೆಯಂಚಿನ ನಿವಾಸಿ, ಬೆಂಗಳೂರು