ಏಳು ತಿಂಗಳ ಮೇಲೆ ಮೂರು ಸುತ್ತು

ನಿನ್ನೆ ರಾತ್ರಿ ಸುರತ್ಕಲ್ ಹತ್ತಿರದ ನಮ್ಮ ದೇವಸ್ಥಾನದಲ್ಲಿ ದೇವರ ಬಲಿ (ಉತ್ಸವಮೂರ್ತಿಯ ಪ್ರದಕ್ಷಿಣೆ) ಹೊರಟಾಗ ನಾನು ಸ್ಯಾಕ್ಸೋಫೋನ್ ಊದಿದೆ. ಏಳು ತಿಂಗಳ ಮೇಲೆ. ಮೂರು ಸುತ್ತು. ಗಾಳಿ ಎಲ್ಲೂ ಸೋರಲಿಲ್ಲ.

ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ ಮುಖದ ಬಲಭಾಗ ಜೋತುಬಿದ್ದಿತ್ತು. ಬೆಲ್ಸ್ ಪಾಲ್ಸಿ, ಮುಖದ ನರ ಸೋತದ್ದು ಅಂದರು ಡಾಕ್ಟರು. ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿದರು. ಆದರೆ ಮೌತ್‌ಪೀಸ್ ಕಚ್ಚಿದರೆ ಸ್ವರ ಹೊರಡಿಸುವ ತೆಳು ಪಟ್ಟಿ, ರೀಡ್, ಅಲುಗುವ ಮೊದಲೇ ಗಾಳಿ ಬಾಯಿಯ ಮೂಲೆಯಿಂದ ಹೊರಟುಹೋಗುತ್ತಿತ್ತು. ದೀಪಾವಳಿ ಕಳೆದು ಮದುವೆ ಕೆಲಸ ಶುರುವಾದಾಗ ಎಲ್ಲ ಬೇರೆಯವರಿಗೆ ಬಿಟ್ಟುಕೊಟ್ಟೆ. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಆಗ ಅಕ್ಕನ ಮಗ 'ಕಿನ್ಸ್‌ಮೆನ್' ಕೇಳಿಸಿದ. 2008ರ ಆಲ್ಬಂ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ, ಜೊತೆಗೆ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಮ್ಮ ಕದ್ರಿ ಗೋಪಾಲನಾಥರು. ಗೋಪಾಲನಾಥರನ್ನು ಕೇಳಿಯೇ ಅಲ್ವಾ ನಾವೆಲ್ಲ ಈ ವಾದ್ಯ ಹಿಡಿದದ್ದು! ರುದ್ರೇಶರಿಗೆ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಂ ಕೊಟ್ಟಿದ್ದರಂತೆ. ಅಲ್ಲಿಂದ ಶುರುವಾದ ನಂಟು ಇದು.

ಮೊದಲ ಸಲ ತಲೆಗೆ ಹತ್ತಲಿಲ್ಲ. ಒಂದು ಕಡೆ ಡ್ರಮ್ಸ್, ಇನ್ನೊಂದು ಕಡೆ ಪೂವಾಳೂರ್ ಶ್ರೀಜಿಯವರ ಮೃದಂಗ. ರುದ್ರೇಶ್ ಸ್ವರವನ್ನು ಗೀರಿದ ಹಾಗೆ ಊದುತ್ತಾರೆ. ನಾನು ಹಾಗೆ ಊದಿದ್ದರೆ ಗುರುಗಳು ನಿಲ್ಲಿಸುತ್ತಿದ್ದರು. ನಾಲ್ಕನೇ ದಿನ ಹೊಳೆಯಿತು. ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನ್, ಆದರೂ ಕಣ್ಣು ಮುಚ್ಚಿದರೆ ಯಾರು ಯಾರೆಂದು ಗೊತ್ತಾಗುತ್ತದೆ. ರುದ್ರೇಶ್ ಗೋಪಾಲನಾಥರ ಗಮಕವನ್ನು ನಕಲು ಮಾಡಲು ಹೊರಟಿಲ್ಲ. ಗೋಪಾಲನಾಥರು ಜಾಝ್ ನುಡಿಸಲು ಹೋಗಿಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಅಷ್ಟೇ. ನಡುವೆ ಕನ್ಯಾಕುಮಾರಿಯವರ ಪಿಟೀಲು, ರೆಜ್ ಅಬ್ಬಾಸಿಯವರ ಗಿಟಾರು, ಒಬ್ಬೊಬ್ಬರದೇ ಪುಟ್ಟ ಆಲಾಪ. ಗೋಪಾಲನಾಥರ ಆಲಾಪ ಬಂದ ರಾತ್ರಿ ಪೆಟ್ಟಿಗೆ ಇಳಿಸಿದೆ. ಊದಲಿಲ್ಲ. ಸುಮ್ನೆ ಬೆರಳಿನಲ್ಲೇ ಜೊತೆ ಕೊಟ್ಟೆ. ಆಮೇಲೆ ದಿನಾ ಹಾಗೆಯೇ. ತುಟಿ ಬರುವವರೆಗೆ ಬೆರಳು ಮರೆಯದೆ ಉಳಿಯಿತು.

ಕನ್ನಡಿ ಮುಂದೆ ಕೂರಿಸಿ ಕೆನ್ನೆ ಉಬ್ಬಿಸಲು, ಸಿಳ್ಳೆ ಹಾಕಲು ಕಲಿಸಿದ ಫಿಸಿಯೋಥೆರಪಿ ಅಕ್ಕನಿಗೆ ನಾನು ಋಣಿ. ನಾನು ಹೋಗದ ಕಾರ್ಯಕ್ರಮಗಳಲ್ಲೂ ನನ್ನ ಪಾಲು ತೆಗೆದಿಟ್ಟು ಮನೆಗೆ ತಂದುಕೊಟ್ಟ ಡೋಲಿನ ಅಣ್ಣನಿಗೆ ಹೇಗೆ ಹೇಳಲಿ? ಹೇಳಲು ಹೋದರೆ ಬಿಡು ಮಾರಾಯ ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆದೆ. ಒಂದೇ ಆಲ್ಬಂ ನೂರು ಸಲ ಕೇಳಿಸಿಕೊಂಡ ನನ್ನ ಹೆಂಡತಿಗೂ, ಅದನ್ನು ಕೇಳಿಸಿದ ಅಕ್ಕನ ಮಗನಿಗೂ ಕೃತಜ್ಞತೆ. ಗೋಪಾಲನಾಥರು 2019ರಲ್ಲೇ ಹೊರಟುಹೋದರು. ನಿನ್ನೆ ಮೊದಲ ಸ್ವರ ಹಿಡಿಯುವಾಗ ಅವರನ್ನು ನೆನೆದೆ.

ತುಟಿಯ ಬಲ ತುದಿ ಇನ್ನೂ ಬೇಗ ದಣಿಯುತ್ತದೆ, ಮೇಲಿನ ಸ್ವರಗಳಿಗೆ ಹೋಗಲಿಲ್ಲ. ಬರುವ ತಿಂಗಳ ಒಂದು ಮದುವೆಗೆ ಒಪ್ಪಿಕೊಂಡಿದ್ದೇನೆ.