ಪಾಲಿಸಿಯಲ್ಲಿಲ್ಲದ ಊರು

ಸರಸ್ವತೀಪುರಂ, ಮೈಸೂರು
ಗುರುವಾರ ರಾತ್ರಿ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನೀನೂ ಅಮ್ಮನೂ ಹೊರಟಿರುವ ಹಡಗು ಪ್ರವಾಸದಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪ ತಪ್ಪಿಹೋಯಿತಲ್ಲ ಅಂತ ಎರಡು ಪುಟ ಬರೆದಿದ್ದೀಯೆ. ಅದು ನನ್ನನ್ನು ಅಷ್ಟು ಕಾಡಲಿಲ್ಲ. ಕೊನೆಯಲ್ಲಿ, ನಿನ್ನ ಸಹಿಯ ಮೇಲೆ ಒಂದು ಸಾಲು ಇದೆಯಲ್ಲ, "ಅದರ ಬದಲು ಟರ್ಕಿಯ ಕುಶಾದಾಸಿ ಹಾಕಿದ್ದಾರೆ, ಅಲ್ಲಿ ಅಮ್ಮನಿಗೆ ಏನಾದರೂ ಆದರೆ ನಮ್ಮ ಇನ್ಶೂರೆನ್ಸ್ ನಡೆಯುತ್ತಾ ಮಾವ?" ಅಂತ. ಅದನ್ನು ಓದಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ನೀನು ಫೋನಿಗೆ ಕಳಿಸಿದ್ದ ಪಾಲಿಸಿಯ ಮೊದಲ ಪುಟವನ್ನು ಅಗ್ರಹಾರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಮುಂದಿಟ್ಟುಕೊಂಡಿದ್ದೇನೆ. ಮೇಲೆ ನಿಮ್ಮಮ್ಮನ ಹೆಸರು, ಪಾಸ್‌ಪೋರ್ಟ್ ನಂಬರು, ಹೊರಡುವ ದಿನ, ಮರಳುವ ದಿನ. ಅದರ ಕೆಳಗೆ, ಪ್ರೀಮಿಯಂ ಮೊತ್ತದ ಎಡಕ್ಕೆ, ಕನ್ನಡಕ ಏರಿಸಿಕೊಂಡು ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ ವ್ಯಾಪ್ತಿ ಬರೆದಿದೆ: ಷೆಂಗೆನ್ ದೇಶಗಳು. ಬೇರೆ ಮಾತೇ ಇಲ್ಲ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು. ಗ್ರೀಸ್ ಷೆಂಗೆನ್‌ಗೆ ಸೇರಿದ್ದು, ಟರ್ಕಿ ಸೇರಿದ್ದಲ್ಲ. ಪಿರೇಯಸ್‌ನಲ್ಲಿ ಹಡಗು ಹತ್ತುವಾಗ, ಮಿಕೊನೋಸ್‌ನಲ್ಲಿ, ಕ್ರೀಟಿನ ಹೆರಾಕ್ಲಿಯನ್‌ನಲ್ಲಿ ಅವಳಿಗೆ ರಕ್ಷಣೆ ಇದೆ. ಕುಶಾದಾಸಿಯಲ್ಲಿ ಇಳಿದು ಎಫೆಸಸ್‌ನ ಆ ಹಳೇ ಕಲ್ಲುಹಾಸಿನ ಮೇಲೆ ಕಾಲು ಜಾರಿದರೆ, ಈ ಕಾಗದದ ಪ್ರಕಾರ ಇಲ್ಲ. ನಿನ್ನ ಭಯ ಸುಳ್ಳಲ್ಲಮ್ಮ.

ವೀಸಾಕ್ಕೆ 30,000 ಯೂರೋ ಮೊತ್ತದ ಇನ್ಶೂರೆನ್ಸ್ ಕೇಳಿದ್ದರಲ್ಲ, ಅದನ್ನು ಮಾಡಿಸಿದ್ದು ವೀಸಾದ ಷರತ್ತಿಗಾಗಿ. ಆ ಷರತ್ತಿಗೆ ಬೇಕಾದ್ದು ಷೆಂಗೆನ್ ಪ್ರದೇಶವೊಂದೇ. ವೀಸಾ ಬಂತು, ಇನ್ಶೂರೆನ್ಸ್ ಕೆಲಸವೂ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಡಗು ದಾರಿ ಬದಲಿಸಿದರೆ ಪಾಲಿಸಿ ಅದರ ಹಿಂದೆ ಹೋಗುವುದಿಲ್ಲ. ನಾವೇ ಹೋಗಿ ಬದಲಿಸಿಕೊಳ್ಳಬೇಕು.

ಮುದುಕ ಸುಮ್ಮನೆ ಗಾಬರಿ ಹುಟ್ಟಿಸುತ್ತಾನೆ ಅಂದುಕೊಳ್ಳಬೇಡ. ನಾಳೆಯೇ ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕು. ಹಡಗಿನವರು ಕಳಿಸಿದ ಬದಲಾವಣೆಯ ಪತ್ರ, ಹಳೆಯ ಮಾರ್ಗ, ಹೊಸ ಮಾರ್ಗ, ಮೂರನ್ನೂ ಲಗತ್ತಿಸು. ಪಾಲಿಸಿ ನಂಬರು ಹಾಕಿ ನೇರವಾಗಿ ಕೇಳು: ಇಂಥ ದಿನ ಟರ್ಕಿಯ ನೆಲದಲ್ಲಿ, ಟರ್ಕಿಯ ಕಡಲಲ್ಲಿ ನಿಂತ ಹಡಗಿನಲ್ಲಿ ವೈದ್ಯಕೀಯ ವೆಚ್ಚ, ಊರಿಗೆ ಸಾಗಿಸುವ ವೆಚ್ಚ ಸಿಗುತ್ತದೆಯೇ? ಸಿಗದಿದ್ದರೆ ವ್ಯಾಪ್ತಿ ಹಿಗ್ಗಿಸಿ, ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ, ಅಂದರೆ ಎಂಡಾರ್ಸ್‌ಮೆಂಟ್ ಕೊಡಿ. ಹೆಚ್ಚುವರಿ ಪ್ರೀಮಿಯಂ ಕೇಳಿದರೆ ಕಟ್ಟಿಬಿಡು. ಹೊರಡುವ ಮುಂಚೆಯೇ ಇದು ಆಗಬೇಕು. ಒಮ್ಮೆ ವಿಮಾನ ಹತ್ತಿದ ಮೇಲೆ ದಿನ ಹೆಚ್ಚಿಸಿಕೊಳ್ಳಬಹುದೇನೋ, ದೇಶ ಸೇರಿಸುವುದು ಕಷ್ಟ.

ಫೋನಿನಲ್ಲಿ ಕೇಳಿ ಬಿಟ್ಟುಬಿಡಬೇಡ. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮು ಮೇಜಿನಲ್ಲಿ ಕೂತಿದ್ದ ಕಾಲದಲ್ಲಿ ಒಬ್ಬರಿಗೆ ನಾನೇ "ಏನೂ ಆಗಲ್ಲ ಸಾರ್, ಕವರ್ ಆಗುತ್ತೆ, ಹೋಗಿಬನ್ನಿ" ಅಂದಿದ್ದೆ. ಕಡತದಲ್ಲಿ ಒಂದಕ್ಷರ ಬರೆದಿರಲಿಲ್ಲ. ಕ್ಲೇಮು ಬಂದಾಗ ನನ್ನ ಮಾತಿಗೆ ಬೆಲೆ ಇರಲಿಲ್ಲ, ಪಾಲಿಸಿಯಲ್ಲಿ ಇದ್ದದ್ದಕ್ಕಷ್ಟೇ ಬೆಲೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಹೇಳುವುದು, ಏಜೆಂಟ್ ಎಷ್ಟೇ ಒಳ್ಳೆಯವನಾಗಿರಲಿ, ಉತ್ತರ ಬರಹದಲ್ಲಿ ಬರಲಿ.

ಅವರು ಆಗುವುದಿಲ್ಲ ಅಂದರೆ ಟರ್ಕಿಯೂ ಸೇರಿದ ಹೊಸ ಪಾಲಿಸಿ ತೆಗೆದುಕೋ. ಬರೀ "ಯೂರೋಪ್" ಅಂತ ಇದ್ದರೆ ಅದರಲ್ಲಿ ಟರ್ಕಿ ಬರುತ್ತದೆಯೇ ಅಂತ ಬಿಡಿಸಿ ಕೇಳು. ನನ್ನನ್ನು ಕೇಳಿದರೆ ಇಡೀ ಪ್ರಪಂಚಕ್ಕೆ ಅನ್ವಯಿಸುವುದೇ ವಾಸಿ. ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ನಿಲ್ಲುವ ಕಟ್ಟೆಯೇ ಇಲ್ಲ, ದೂರದಲ್ಲಿ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಬೇಸಿಗೆಯಲ್ಲಿ ಆ ಏಜಿಯನ್ ಕಡಲಿನಲ್ಲಿ ಬಡಗಣ ಗಾಳಿ ಜೋರಾದರೆ ಕ್ಯಾಪ್ಟನ್ ಯಾವ ಬಂದರನ್ನಾದರೂ ಬಿಟ್ಟು ಮುಂದಕ್ಕೆ ಹೋಗಬಹುದು. ಮಾರ್ಗ ಒಮ್ಮೆ ಬದಲಾಗಿದೆ, ಇನ್ನೊಮ್ಮೆಯೂ ಆದೀತು. ಹಳೆಯದನ್ನು ಮಾತ್ರ ಹೊಸದು ಕೈಗೆ ಬರುವ ತನಕ ರದ್ದು ಮಾಡಬೇಡ. ಹೊಸದು ಷೆಂಗೆನ್ ಷರತ್ತನ್ನೂ ಪೂರೈಸುತ್ತದೆಯೇ ನೋಡಿ, ಅದರ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೋ, ಗಡಿಯಲ್ಲಿ ಕೇಳಿದರೆ ತೋರಿಸಬೇಕು.

ಹಾಗೇ ವೀಸಾ. ಟರ್ಕಿಗೆ ಹೋಗಿ ಮತ್ತೆ ಪಿರೇಯಸ್‌ಗೆ ಬರುವುದೆಂದರೆ ಷೆಂಗೆನ್‌ನಿಂದ ಹೊರಬಿದ್ದು ಮತ್ತೆ ಒಳಬಂದ ಹಾಗೆ. ವೀಸಾ ಚೀಟಿಯಲ್ಲಿ ಪ್ರವೇಶದ ಸಂಖ್ಯೆ ಒಂದೇ ಇದ್ದರೆ ತೊಂದರೆ. ಇಬ್ಬರದ್ದೂ ನೋಡು. ಟರ್ಕಿಯ ವೀಸಾ ಏನು ಎತ್ತ ಅಂತ ಹಡಗಿನವರನ್ನು ಕೇಳು. ವೀಸಾ ಇಲ್ಲದ್ದರಿಂದ ಆದ ನಷ್ಟಕ್ಕೆ ಇನ್ಶೂರೆನ್ಸ್ ಕೈ ಚಾಚಬೇಡ, ಕೊಡುವುದಿಲ್ಲ.

ಸ್ಯಾಂಟೊರಿನಿಯ ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಂದರು ಬದಲಿಸುವ ಹಕ್ಕು ಟಿಕೆಟ್ ಕರಾರಿನಲ್ಲೇ ಹಡಗಿನವರಿಗೆ ಇರುತ್ತದೆ. ಸಾಮಾನ್ಯವಾಗಿ ಆ ಬಂದರಿನ ತೆರಿಗೆ, ಶುಲ್ಕ ವಾಪಸ್ ಕೊಡುತ್ತಾರೆ. ಹಡಗಿನವರ ಮೂಲಕ ಬುಕ್ ಮಾಡಿದ ಸುತ್ತಾಟದ ದುಡ್ಡೂ ಬರುತ್ತದೆ. ನೀನು ಹೊರಗಿನವರಿಗೆ ಕಟ್ಟಿದ್ದು ಅವರ ನಿಯಮದ ಪ್ರಕಾರ, ಇವತ್ತೇ ಬರೆದು ಕೇಳು. ಪಾಲಿಸಿಯಲ್ಲಿ ಪ್ರವಾಸ ರದ್ದತಿಗೆ ಪರಿಹಾರ ಇದೆಯಲ್ಲ ಅನ್ನಬೇಡ. ಅದು ಕಾಯಿಲೆ, ಮನೆಯಲ್ಲಿ ಸಾವು, ಹೀಗೆ ಹೆಸರಿಸಿದ ಕಾರಣಗಳಿಗೆ ಮಾತ್ರ. ಊರು ಬದಲಾಯಿತು ಅನ್ನುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸ ಪಾಲಿಸಿ ತೆಗೆದುಕೊಂಡರೂ ಇದಕ್ಕೆ ಕೊಡರು, ಕೊಳ್ಳುವ ಮುಂಚೆಯೇ ತಿಳಿದಿದ್ದ ಸಂಗತಿ.

ಮತ್ತೆ ನಿಮ್ಮಮ್ಮನ ಕಡೆಗೇ ಬರುತ್ತೇನೆ. ಅವಳ ಬಿ.ಪಿ., ಸಕ್ಕರೆ ನನಗೂ ನಿನಗೂ ಗೊತ್ತು. ಕಂಪನಿಗೆ ಗೊತ್ತೇ? ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಯ ಅರ್ಜಿ, ತುಂಬುವಾಗ ಕಾಯಿಲೆಯ ಪ್ರಶ್ನೆಗೆ "ಇಲ್ಲ" ಅಂತ ಟಿಕ್ ಮಾಡಿದ್ದೀಯಾ ನೋಡು. ಆನ್‌ಲೈನಿನಲ್ಲಿ ಅವಸರದಲ್ಲಿ ಹಾಗೆ ಆಗಿಬಿಡುತ್ತದೆ. ಕ್ಲೇಮು ತಿರಸ್ಕಾರವಾಗಲು ಇದಕ್ಕಿಂತ ಸುಲಭದ ಕಾರಣ ಅವರಿಗೆ ಬೇಕಿಲ್ಲ. ಹೇಳಿದ್ದರೂ, ಹಳೆಯ ಕಾಯಿಲೆಗೆ ಅನೇಕ ಪಾಲಿಸಿಗಳು ಪ್ರಾಣಾಪಾಯದ ತುರ್ತಿಗೆ ಮಾತ್ರ ಕೊಡುತ್ತವೆ. ಆ ಷರತ್ತನ್ನು ಓದು. ನಾನು ಅವಳಿಗೆ ಅಣ್ಣ, ಇದನ್ನೆಲ್ಲ ಟಿಕೆಟ್ ತೆಗೆಯುವ ಮುಂಚೆಯೇ ಕೇಳಬೇಕಿತ್ತು. ಕೇಳಲಿಲ್ಲ.

ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಬಿಲ್ಲು ನಿಮ್ಮ ಕೋಣೆಯ ಲೆಕ್ಕಕ್ಕೆ ಬೀಳುತ್ತದೆ. ಕಟ್ಟಿ, ಆಮೇಲೆ ಕ್ಲೇಮು ಹಾಕಬೇಕು. ಬರೀ ಒಟ್ಟು ಮೊತ್ತದ ರಸೀದಿ ಸಾಲದು. ರೋಗನಿರ್ಣಯ, ದಿನಾಂಕ, ಔಷಧಿ ಬಿಡಿಬಿಡಿಯಾಗಿ ಬರೆದ ಬಿಲ್ಲು, ಡಾಕ್ಟರ ವರದಿ ಇಳಿಯುವ ಮುಂಚೆ ಕೇಳಿ ತಗೋ. ಊರು ತಲುಪಿದ ಮೇಲೆ ಅವನ್ನು ತರಿಸುವುದು ದೊಡ್ಡ ಪಾಡು. ಆಸ್ಪತ್ರೆಗೆ ಸೇರಿಸುವ ಹಾಗಾದರೆ ಮೊದಲು ಪಾಲಿಸಿಯಲ್ಲಿರುವ ಸಹಾಯ ನಂಬರಿಗೆ ತಿಳಿಸು. ಆ ನಂಬರನ್ನು ಕಾಗದದ ಮೇಲೂ ಬರೆದು ಅವಳ ಪರ್ಸಿನಲ್ಲಿ ಇಡು, ನಡುಗಡಲಿನಲ್ಲಿ ಫೋನ್ ನಂಬಲಾಗದು. ಹಡಗು ಒಂದು ದಿನ ತಡವಾಗಿ ಬಂದರೆ ಪಾಲಿಸಿ ಮುಗಿಯುವ ಮುಂಚೆಯೇ ವಿಸ್ತರಣೆ ಕೇಳು. ಕೆಲವು ಪಾಲಿಸಿಗಳು ತಾವಾಗಿಯೇ ಕೆಲವು ದಿನ ಮುಂದುವರಿಯುತ್ತವೆ, ಎಲ್ಲವೂ ಅಲ್ಲ.

ಇಷ್ಟಾದರೂ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ಇಂಥ ದೂರುಗಳನ್ನು ವಿಚಾರಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿಗೆ ಹೋಗುವ ಪ್ರಸಂಗ ಬಾರದಿರಲಿ.

ತುಂಬಾ ಬರೆದೆ, ಬೇಸರ ಮಾಡಿಕೊಳ್ಳಬೇಡ. ನೀನು ಕಳಿಸಿರುವುದು ಪಾಲಿಸಿಯ ಮೊದಲ ಪುಟ ಮಾತ್ರ. ಉಳಿದ ಪುಟಗಳನ್ನೂ, ತುಂಬಿದ ಪ್ರಪೋಸಲ್ ಫಾರಂನ ಪ್ರತಿಯನ್ನೂ, ನಿಮ್ಮಮ್ಮನ ಮಾತ್ರೆಯ ಸ್ಟ್ರಿಪ್‌ಗಳ ಫೋಟೋವನ್ನೂ ಈ ವಾರದಲ್ಲೇ ಕಳಿಸು. ಕೂತು ಓದುತ್ತೇನೆ.

ನಿನ್ನ ಮಾವ